ಎಪ್ಪತ್ತನಾಲ್ಕು ಸಿಸಿ ಹೈಡ್ರೋಜನ್

ನನಗೆ ಲೆಕ್ಕ ಬಿಡಿಸುವ ಚಟ. ಗಣಿತದ ಲೆಕ್ಕವಲ್ಲ, ಕೆಮಿಸ್ಟ್ರಿ ಲೆಕ್ಕ. ಇಷ್ಟು ಗ್ರಾಂ ಲೋಹ ಹಾಕಿದರೆ ಎಷ್ಟು ಅನಿಲ ಬರುತ್ತದೆ, ಇಷ್ಟು ಉಪ್ಪು ಬೇಕಾದರೆ ಎಷ್ಟು ಆಸಿಡ್ ಸುರಿಯಬೇಕು, ಅಂಥವು. ಹತ್ತನೇ ಕ್ಲಾಸಿನ ಮಕ್ಕಳು ತಲೆಮೇಲೆ ಕೈಹೊತ್ತು ಕೂರುವ ಲೆಕ್ಕಗಳನ್ನು ಕಂಡರೆ ನನಗೆ ಬಾಯಲ್ಲಿ ನೀರೂರುತ್ತದೆ. ಮೈಸೂರಿನ ಪಿಯು ಕಾಲೇಜೊಂದರಲ್ಲಿ ಎಂಟು ವರ್ಷ ಇದನ್ನೇ ಹೇಳಿಕೊಟ್ಟೆ. ನಮ್ಮವರಿಗೆ ಟೆಲಿಕಾಂ ಕಂಪನಿಯವರು ನೈರೋಬಿಗೆ ಪೋಸ್ಟಿಂಗ್ ಕೊಟ್ಟಾಗ ಕಾಲೇಜು ಬಿಟ್ಟೆ, ಲೆಕ್ಕ ಬಿಡಲಿಲ್ಲ. ರಿವರ್‌ಸೈಡ್‌ನ ನಮ್ಮ ಫ್ಲ್ಯಾಟಿನ ಊಟದ ಮೇಜೇ ಈಗ ನನ್ನ ಕ್ಲಾಸು. ಶಾಲೆ ಬಿಟ್ಟ ಮೇಲೆ ಮಕ್ಕಳು ಬರುತ್ತಾರೆ, ಬೆನ್ನಿನ ಚೀಲ ದೊಪ್ಪನೆ ಇಳಿಸುತ್ತಾರೆ, ನಾನು ಕಾಗದ ಹರವುತ್ತೇನೆ.

ಹೊಸದಾಗಿ ಬಂದಾಗ ನನಗಿದ್ದದ್ದು ಒಂದೇ ತೊಡಕು. ಬಾಳೆಹಣ್ಣಿಗೆ ಡಜನ್ ಇದ್ದ ಹಾಗೆ ಅಣುಗಳ ಎಣಿಕೆಗೆ ಮೋಲ್; ನಮ್ಮ ಪಿಯುಸಿ ಪುಸ್ತಕದಲ್ಲಿ ಒಂದು ಮೋಲ್ ಅನಿಲ ಅಂದರೆ 22.4 ಲೀಟರ್. ಇಲ್ಲಿಯ ಪುಸ್ತಕದಲ್ಲಿ 24. ನಮ್ಮದು ಮಂಜುಗಡ್ಡೆಯ ಶೀತದಲ್ಲಿ ಅಳೆದದ್ದು, ಇವರದು ಕೋಣೆಯ ಹದದಲ್ಲಿ, ಅಷ್ಟೇ ವ್ಯತ್ಯಾಸ. ಆದರೂ ಒಂದು ತಿಂಗಳು ನನ್ನ ಕೈ ತಾನಾಗಿ 22.4 ಅಂತಲೇ ಬರೆದು, ಮಕ್ಕಳು ಮುಸಿಮುಸಿ ನಕ್ಕು, ನಾನು ಹೊಡೆದುಹಾಕಿ ತಿದ್ದುತ್ತಿದ್ದೆ. ಕೊನೆಗೆ ಕೈ 24ಕ್ಕೆ ಒಗ್ಗಿದ ದಿನ, ಇನ್ನು ನಾನು ಪೂರ್ತಿ ಇಲ್ಲಿಯವಳಾದೆ ಎಂದು ಬೀಗಿದ್ದೆ.

ಈ 24ರಿಂದ ಒಂದು ಉಪಕಾರವೂ ಆಯಿತು. ಮೆಗ್ನೀಷಿಯಂ ಅನ್ನುವ ಲೋಹದ ಪಟ್ಟಿಯನ್ನು ಆಸಿಡ್‌ಗೆ ಹಾಕಿ, ಬರುವ ಹೈಡ್ರೋಜನನ್ನು ಗಾಜಿನ ಸಿರಿಂಜಿನಲ್ಲಿ ಹಿಡಿದು ಅಳೆಯುವ ಪ್ರಯೋಗ ಎಲ್ಲ ಶಾಲೆಗಳಲ್ಲೂ ಇದೆ. ಒಂದು ಮೋಲ್ ಮೆಗ್ನೀಷಿಯಂನ ತೂಕವೂ 24 ಗ್ರಾಂ, ಒಂದು ಮೋಲ್ ಅನಿಲವೂ 24 ಲೀಟರ್. ಭಾಗಿಸಿದ್ದನ್ನೇ ಮತ್ತೆ ಗುಣಿಸುವುದರಿಂದ ಎರಡೂ ಹೊಡೆದುಹೋಗುತ್ತವೆ. ಎಷ್ಟು ಮಿಲಿಗ್ರಾಂ ಪಟ್ಟಿಯೋ ಅಷ್ಟು ಸಿಸಿ ಹೈಡ್ರೋಜನ್. ಅರವತ್ತು ಮಿಲಿಗ್ರಾಂ ಹಾಕಿದಿರಾ? ಅರವತ್ತು ಸಿಸಿ ಬಂತು. ಪೆನ್ನಿನ ಮುಚ್ಚಳ ತೆಗೆಯುವ ಮೊದಲೇ ಉತ್ತರ! ಈ ಕಿರುದಾರಿಯನ್ನು ಹೇಳಿಕೊಟ್ಟಾಗ ಮಕ್ಕಳ ಮುಖ ಅರಳುವುದನ್ನು ನೋಡಬೇಕು. ನಾನೇ ಕಂಡುಹಿಡಿದವಳ ಹಾಗೆ ಜಂಬದಿಂದ ಕೂತಿರುತ್ತಿದ್ದೆ.

ಇನ್ನೊಂದು ವಿದ್ಯೆಯನ್ನೂ ಕಲಿಸುತ್ತಿದ್ದೆ, ಅದನ್ನೂ ಇಲ್ಲಿ ಹೇಳಿಬಿಡಬೇಕು. ನಾವು ಓದುವಾಗ ಲ್ಯಾಬಿನಲ್ಲಿ ಅದಕ್ಕೆ ‘ಕುಕ್ ಮಾಡೋದು’ ಅನ್ನುತ್ತಿದ್ದೆವು. ಉತ್ತರ ಎಷ್ಟು ಬರಬೇಕು ಎಂದು ಮೊದಲು ಲೆಕ್ಕ ಹಾಕುವುದು, ಅದಕ್ಕೆ ಒಪ್ಪುವ ರೀಡಿಂಗುಗಳನ್ನು ಆಮೇಲೆ ತುಂಬುವುದು. ನಮ್ಮ ಸೀನಿಯರ್‌ಗಳು ನಮಗೆ ಕಲಿಸಿದರು, ನಾವು ಜೂನಿಯರ್‌ಗಳಿಗೆ. ಮೇಡಂ ಆದ ಮೇಲೆ ನಾನೂ ಕಂಡೂ ಕಾಣದ ಹಾಗೆ ರೆಕಾರ್ಡಿಗೆ ಸಹಿ ಹಾಕಿದೆ. ಇದರಲ್ಲೂ ಒಂದು ಹದ ಉಂಟು. ಮೂರೂ ಸಲ ಒಂದೇ ಸಂಖ್ಯೆ ಬರೆದರೆ ಸಿಕ್ಕಿಬೀಳುತ್ತಾರೆ. ಒಂದು ಅರ್ಧ ಕಡಿಮೆ, ಒಂದು ಅರ್ಧ ಜಾಸ್ತಿ, ಒಂದು ಸರಿಯಾಗಿ. ನಾನಿದನ್ನು ಮೋಸ ಅಂದುಕೊಂಡಿರಲಿಲ್ಲ, ಮಕ್ಕಳಿಗೆ ಮಾಡುವ ಸಹಾಯ ಅಂದುಕೊಂಡಿದ್ದೆ.

ಆ ಸೋಮವಾರ ನನ್ನ ಮೇಜಿಗೆ ಬಂದವಳು ಹದಿನಾರರ ಹುಡುಗಿ. ಬೆಂಗಳೂರಿನವರ ಮಗಳು, ತಾಯಿಗೆ ಅಪ್ಪರ್ ಹಿಲ್‌ನ ಬ್ಯಾಂಕಿನಲ್ಲಿ ಕೆಲಸ. ನನ್ನ ಬಳಿ ಬರಲು ಶುರುಮಾಡಿ ಎರಡು ತಿಂಗಳಾಗಿತ್ತು ಅಷ್ಟೇ. ಅದೇ ಕ್ಲಾಸಿನ ಇನ್ನೂ ಆರು ಮಕ್ಕಳು ನನ್ನ ಹಳೆಯ ಗಿರಾಕಿಗಳು. ಇವಳಿಗೆ ನಾನು ಕನ್ನಡದಲ್ಲಿ ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹಾಗಾಗಿ ಅವಳ ಮಾತುಗಳನ್ನು ನಾನೇ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ.

ಅವಳು ತನ್ನ ಲ್ಯಾಬ್ ಫೈಲ್ ತೆರೆದು ಮುಂದಿಟ್ಟಳು. ಅದೇ ಮೆಗ್ನೀಷಿಯಂ ಪ್ರಯೋಗ. ಅರವತ್ತು ಮಿಲಿಗ್ರಾಂ ಪಟ್ಟಿ. ಮೂರು ರೀಡಿಂಗು: 73, 74, 74. ಕೆಳಗೆ ಕೆಂಪು ಶಾಯಿಯಲ್ಲಿ ಅವಳ ಮೇಷ್ಟ್ರು ಬರೆದಿದ್ದರು: ‘ನಂಬಲಾಗದ ಅಳತೆಗಳು. ಪ್ರಯೋಗ ಮಾಡದೆ ಬರೆದಂತಿದೆ.’

ಕೆಂಪು ಶಾಯಿ ಬರೀ ಅಂಕದ ಮಾತಾಗಿರಲಿಲ್ಲ. ಮುಂದಿನ ಎರಡು ವರ್ಷಕ್ಕೆ ಕೆಮಿಸ್ಟ್ರಿ ಬೇಕೆಂದರೆ ಆ ಮೇಷ್ಟ್ರು ಅರ್ಜಿಗೆ ಸಹಿ ಮಾಡಬೇಕು. ಪ್ರಯೋಗ ಮಾಡದೆ ಸುಳ್ಳು ಬರೆದವಳಿಗೆ ಸಹಿ ಇಲ್ಲ ಎಂದಿದ್ದರಂತೆ. ಶುಕ್ರವಾರ ಪಾಲಕರನ್ನು ಕರೆದಿದ್ದರು. ಈ ಹುಡುಗಿಗೋ ಕೆಮಿಸ್ಟ್ರಿ ಅಂದರೆ ಪ್ರಾಣ. ಎರಡು ತಿಂಗಳಲ್ಲಿ ನಾನು ಕೊಟ್ಟ ಲೆಕ್ಕಗಳಿಗಿಂತ ಅವಳು ಕೇಳಿದ ಪ್ರಶ್ನೆಗಳೇ ಹೆಚ್ಚು.

“ನಿನ್ನ ಲ್ಯಾಬ್ ಪಾರ್ಟ್ನರ್ ಏನು ಮಾಡ್ತಿದ್ದ?” ಅಂದೆ.

“ಆವತ್ತು ಬಂದಿರಲಿಲ್ಲ. ನಾನೊಬ್ಬಳೇ ಮಾಡಿದೆ. ಮೂರು ಸಲ ಮಾಡಿದೆ, ಆಂಟಿ.”

ನಾನು ಎರಡನೇ ಯೋಚನೆ ಮಾಡಲಿಲ್ಲ. “ಸಿರಿಂಜ್ ಲೀಕ್ ಆಗಿರತ್ತೆ. ಇಲ್ಲ ಪಟ್ಟಿ ಉದ್ದ ಕತ್ತರಿಸಿರ್ತೀಯ. ಅರವತ್ತು ಬರೋ ಕಡೆ ಎಪ್ಪತ್ತನಾಲ್ಕು ಹೇಗೆ ಬರತ್ತೆ ಪುಟ್ಟಾ? ಹೀಗ್ ಮಾಡು. ಹೊಸ ಹಾಳೇಲಿ 59.5, 60.5, 60 ಅಂತ ಬರಿ. ಇನ್ನೊಂದ್ಸಲ ಮಾಡಿದೆ ಸರ್, ಈಗ ಸರಿಯಾಯ್ತು ಅಂತ ಹೇಳು. ಸಹಿ ಹಾಕ್ತಾರೆ. ಮುಗೀತು.”

ಅವಳು ನನ್ನ ಮುಖವನ್ನೇ ನೋಡಿದಳು. “ಆದರೆ ನನಗೆ ಬಂದಿದ್ದು ಅದಲ್ಲ.”

“ಎಲ್ಲರೂ ಬರೆಯೋದು ಹಾಗೇ ಕಣೇ.”

“ಪ್ರಯೋಗ ಮಾಡದೆ ಬರೆದಿದ್ದೀಯ ಅಂತ ಅವರು ಬೈದಿದ್ದಕ್ಕೆ, ಈಗ ನಿಜವಾಗಲೂ ಮಾಡದೆ ಬರೀಬೇಕಾ?”

ನನಗೆ ಪಿತ್ತ ನೆತ್ತಿಗೇರಿತು. ಸಹಾಯ ಮಾಡಲು ಹೋದರೆ ಇವಳ ಮಾತು ನೋಡು ಅನ್ನಿಸಿ, “ನಿನ್ನಿಷ್ಟ. ಮೆಗ್ನೀಷಿಯಂ ನಿನ್ನ ಮಾತು ಕೇಳಲ್ಲ” ಅಂದುಬಿಟ್ಟೆ. ಅವಳು ಫೈಲ್ ಮಡಚಿ ಚೀಲಕ್ಕೆ ಹಾಕಿಕೊಂಡು ಅರ್ಧ ಗಂಟೆ ಮೊದಲೇ ಹೊರಟುಹೋದಳು.

ಬುಧವಾರ ಅವಳ ತಾಯಿಯ ಫೋನ್. “ಏನ್ ಹೇಳಿದ್ರಿ ಮೇಡಂ ಅವಳಿಗೆ? ಸೋಮವಾರದಿಂದ ಮುಖ ಊದಿಸ್ಕೊಂಡಿದಾಳೆ. ಕೆಮಿಸ್ಟ್ರಿ ಬೇಡ್ವಂತೆ, ಜಿಯಾಗ್ರಫಿ ತಗೋತಾಳಂತೆ. ಟ್ಯೂಷನ್‌ಗೂ ಬರಲ್ಲ ಅಂತಿದಾಳೆ. ಶುಕ್ರವಾರ ಆ ಸರ್ ಎದುರಿಗೆ ಏನಂತ ಮಾತಾಡ್ಲಿ ನಾನು?”

“ಸ್ವಲ್ಪ ಹಟ ಜಾಸ್ತಿ ಅವಳಿಗೆ” ಅಂದೆ.

“ಹಟ ಇದೆ ಮೇಡಂ. ಸುಳ್ಳು ಹೇಳೋ ಹುಡುಗಿಯಲ್ಲ ಅವಳು.”

ಫೋನಿಟ್ಟ ಮೇಲೆ ಆ ಮಾತು ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಸುಳ್ಳು ಹೇಳುವ ಹುಡುಗಿಯಲ್ಲ. ಹಾಗಾದರೆ ಎಪ್ಪತ್ತನಾಲ್ಕು ಎಲ್ಲಿಂದ ಬಂತು? ಸಿರಿಂಜ್ ಲೀಕ್ ಆದರೆ ಅನಿಲ ಹೊರಗೆ ಹೋಗಬೇಕು, ಒಳಗೆ ಬರುವುದಿಲ್ಲ. ಅಂದರೆ ಕಡಿಮೆಯಾಗಬೇಕೇ ಹೊರತು ಜಾಸ್ತಿಯಾಗಬಾರದು. ಅದನ್ನು ಸೋಮವಾರವೇ ನಾನು ಯೋಚಿಸಬೇಕಿತ್ತು. ನಾಲಿಗೆ ಕಚ್ಚಿಕೊಂಡೆ. ಆದರೂ ಉತ್ತರ ಮಾತ್ರ ಹೊಳೆಯಲಿಲ್ಲ.

ಹೊಳೆದದ್ದು ಗುರುವಾರ ಮಧ್ಯಾಹ್ನ ಮೂರು ಗಂಟೆಗೆ, ತೊಗರಿಬೇಳೆಯ ದೆಸೆಯಿಂದ. ಬೆಂಗಳೂರಿನಿಂದ ಆ ತಿಂಗಳಷ್ಟೇ ಬಂದಿದ್ದ ಪಕ್ಕದ ಬ್ಲಾಕಿನ ಹೆಂಗಸೊಬ್ಬರು ಫೋನ್ ಮಾಡಿದರು. “ಅಕ್ಕಾ, ನಮ್ಮನೇಲಿ ಬೇಳೆ ಬೇಯ್ತಾನೇ ಇಲ್ಲ. ಮೂರು ವಿಷಲ್ ಕೂಗ್ಸಿದ್ರೂ ಕಲ್ಲು ಕಲ್ಲಾಗಿದೆ. ಇಲ್ಲಿ ಬೇಳೆನೇ ಹೀಗಾ?”

ಹೊಸಬರೆಲ್ಲ ಕೇಳುವ ಪ್ರಶ್ನೆ ಇದು. ನನ್ನ ಉತ್ತರವೂ ಬಾಯಿಪಾಠ. “ಬೇಳೆದೇನೂ ತಪ್ಪಿಲ್ಲಮ್ಮಾ. ನೈರೋಬಿ ಎಷ್ಟು ಎತ್ತರದಲ್ಲಿದೆ ಗೊತ್ತಾ? ಬೆಂಗಳೂರಿಗಿಂತ ಮುಕ್ಕಾಲು ಕಿಲೋಮೀಟರ್ ಮೇಲಿದೀವಿ. ಇಲ್ಲಿ ಗಾಳಿ ಒತ್ತಡ ಕಡಿಮೆ. ನೀರು ನೂರು ಡಿಗ್ರಿ ಮುಟ್ಟೋ ಮೊದಲೇ ಕುದಿಯತ್ತೆ. ಅದಕ್ಕೇ ಎರಡು ವಿಷಲ್ ಜಾಸ್ತಿ ಕೂಗಿಸ್ಬೇಕು. ಗಾಳಿ ಒತ್ತಡ ಕಡಿಮೆ ಇದ್ರೆ ಏನಾಗತ್ತೆ ಅಂದ್ರೆ...”

ಅಲ್ಲಿಗೆ ನನ್ನ ಬಾಯಿ ಕಟ್ಟಿತು.

ಗಾಳಿಯ ಒತ್ತಡ ಕಡಿಮೆ ಇದ್ದರೆ ಏನಾಗುತ್ತದೆ? ಅನಿಲ ಹಿಗ್ಗುತ್ತದೆ! ಅದಕ್ಕೆ ಜಾಗ ಜಾಸ್ತಿ ಬೇಕು! ಒಂದು ಮೋಲ್‌ಗೆ 24 ಲೀಟರ್ ಎಂದು ಪುಸ್ತಕ ಹೇಳುವುದು ಸಮುದ್ರಮಟ್ಟದ ಗಾಳಿಯಲ್ಲಿ. ಸಮುದ್ರವೆಲ್ಲಿ, ನೈರೋಬಿಯೆಲ್ಲಿ?

“ಅಕ್ಕಾ? ಅಕ್ಕಾ, ಲೈನಲ್ಲಿದೀರಾ?”

“ಐದು ವಿಷಲ್ ಕೂಗ್ಸಮ್ಮ” ಎಂದು ಫೋನಿಟ್ಟು ಕಾಗದಕ್ಕೆ ಹಾರಿದೆ.

ಒತ್ತಡ ಎಷ್ಟಿದೆ ಎಂದು ಮೊದಲು ಗೊತ್ತಾಗಬೇಕು. ಮೊಬೈಲಿನಲ್ಲಿ ಹವಾಮಾನದ ಆ್ಯಪ್ ತೆರೆದೆ. ನೈರೋಬಿ, ಒತ್ತಡ 1019 ಮಿಲಿಬಾರ್. ಸಮುದ್ರಮಟ್ಟದಲ್ಲಿ ಇರಬೇಕಾದದ್ದು 1013. ಕಡಿಮೆ ಇರುವುದು ಹೋಗಲಿ, ಆರು ಜಾಸ್ತಿಯೇ ಇದೆ! ಈ ಲೆಕ್ಕದಲ್ಲಿ ಹೈಡ್ರೋಜನ್ ಅರವತ್ತಕ್ಕಿಂತಲೂ ಕಡಿಮೆ ಬರಬೇಕು. ಹಾಗಾದರೆ ಇಷ್ಟು ವರ್ಷ ಎಲ್ಲರಿಗೂ ನಾನು ಹೇಳಿದ ಬೇಳೆಯ ವಿಜ್ಞಾನವೇ ಬೊಗಳೆಯೇ?

ತಡೆಯಲಾಗದೆ ನಮ್ಮವರಿಗೆ ಫೋನ್ ಮಾಡಿದೆ. “ಮೀಟಿಂಗ್‌ನಲ್ಲಿದೀನಿ ಕಣೇ, ಏನು ಬೇಗ ಹೇಳು” ಅಂದರು. ಹೇಳಿದೆ. ಆ ಕಡೆ ನಕ್ಕರು. “ಹವಾಮಾನದವರು ಎಲ್ಲ ಊರುಗಳನ್ನೂ ಲೆಕ್ಕದಲ್ಲಿ ಸಮುದ್ರಮಟ್ಟಕ್ಕೆ ಇಳಿಸಿ ತೋರಿಸ್ತಾರೆ. ಆಗ್ಲೇ ಒಂದೂರು ಇನ್ನೊಂದೂರು ಹೋಲಿಸೋಕಾಗೋದು. ನಿಜವಾದ ಒತ್ತಡ ಬೇಕಾದ್ರೆ ನನ್ನ ಟ್ರೆಕಿಂಗ್ ವಾಚ್ ನೋಡು, ಬೀರು ಡ್ರಾಯರ್‌ನಲ್ಲಿದೆ.”

ಭಾನುವಾರಗಳಲ್ಲಿ ಇವರು ಬೆಟ್ಟ ಹತ್ತಲು ಕಟ್ಟಿಕೊಂಡು ಹೋಗುವ ಆ ದಪ್ಪ ವಾಚನ್ನು ನಾನು ಎಷ್ಟು ಆಡಿಕೊಂಡಿದ್ದೆನೋ ಲೆಕ್ಕವಿಲ್ಲ. ಡ್ರಾಯರ್ ಎಳೆದ ರಭಸಕ್ಕೆ ಅದು ಕಳಚಿ ಕೈಗೇ ಬಂತು. ವಾಚಿನ ಗುಂಡಿ ಒತ್ತಿದೆ. ಒತ್ತಡ 830.

ಎಂಟುನೂರ ಮೂವತ್ತು! ನಿಂತಲ್ಲೇ ಗುಣಿಸಿದೆ. ಅರವತ್ತನ್ನು 1013ರಿಂದ ಗುಣಿಸಿ 830ರಿಂದ ಭಾಗಿಸಿದರೆ ಎಪ್ಪತ್ತಮೂರು ಚಿಲ್ಲರೆ. ಪುಸ್ತಕದ ಕೋಣೆ ಇಪ್ಪತ್ತು ಡಿಗ್ರಿಯದು, ಇಲ್ಲಿಯ ಲ್ಯಾಬ್ ಇಪ್ಪತ್ತಮೂರಾದರೂ ಇದ್ದೀತು. ಆ ಮೂರು ಡಿಗ್ರಿಯ ಹಿಗ್ಗನ್ನೂ ಸೇರಿಸಿದೆ. ಎಪ್ಪತ್ತನಾಲ್ಕು!

ಕಿರುಚಿದೆನೋ ಏನೋ, ನನಗೆ ನೆನಪಿಲ್ಲ. ಕೆಳಗಿನ ಅಸ್ಕಾರಿ, ಅಂದರೆ ಗೇಟಿನ ಕಾವಲುಗಾರ, ಇಂಟರ್‌ಕಾಮ್‌ನಲ್ಲಿ ಕರೆದು, ಮಾಮಾ, ಅಂದರೆ ಇವರ ಮಾತಿನಲ್ಲಿ ಅಮ್ಮಾ, ಎಲ್ಲ ಸವಾ ತಾನೇ, ಎಂದು ಕೇಳಿದ್ದಂತೂ ನಿಜ. ಸವಾ, ಎಲ್ಲ ಸರಿಯಾಗಿದೆ, ಹಿಂದೆಂದೂ ಇಷ್ಟು ಸರಿಯಾಗಿರಲಿಲ್ಲ ಅಂದೆ. ಎಂಥ ಪೆದ್ದಿ ನಾನು! ಅಡುಗೆಮನೆಯಲ್ಲಿ ನೈರೋಬಿಯಲ್ಲಿರುತ್ತಿದ್ದೆ, ಊಟದ ಮೇಜಿನ ಮುಂದೆ ಕೂತ ಕೂಡಲೇ ಸಮುದ್ರತೀರಕ್ಕೆ ಇಳಿದುಬಿಡುತ್ತಿದ್ದೆ. ಎರಡರ ನಡುವೆ ಹತ್ತು ಹೆಜ್ಜೆಯಿಲ್ಲ. ಹಾಗೆ ನೋಡಿದರೆ ಮೈಸೂರೇನು ಸಮುದ್ರದ ದಂಡೆಯಲ್ಲಿತ್ತೆ? ಅಲ್ಲೂ ಉತ್ತರ ತಪ್ಪೇ ಬಂದಿರಬೇಕು, ನಾವು ಯಾರೂ ಅಳೆಯಲಿಲ್ಲ ಅಷ್ಟೇ.

ಹುಡುಗಿಯ ಮನೆ ವೆಸ್ಟ್‌ಲ್ಯಾಂಡ್ಸ್‌ನಲ್ಲಿ. ಆ ಹೊತ್ತಿಗೆ ಅಲ್ಲಿ ಕಾರು, ಮಟಾಟು ಅನ್ನುವ ಬಾಡಿಗೆ ವ್ಯಾನು ಎಲ್ಲ ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಟ್ಯಾಕ್ಸಿಗೆ ಕಾಯುವ ತಾಳ್ಮೆ ನನಗಿರಲಿಲ್ಲ. ಬಾಡಿಗೆ ಬೈಕಿನವರನ್ನು ಇಲ್ಲಿ ಬೋಡಾ ಅನ್ನುತ್ತಾರೆ. ಹೊಸಬರಿಗೆ ಅದನ್ನು ಹತ್ತಬೇಡಿ ಎಂದು ಬುದ್ಧಿ ಹೇಳುವವಳು ನಾನೇ. ಆವತ್ತು ಗೇಟಿನ ಹೊರಗೆ ನಿಂತಿದ್ದ ಬೋಡಾ ಹತ್ತಿ, ಹರಕಾ, ಬೇಗ ಹೋಗಪ್ಪ ಅಂದೆ. ನಲವತ್ತೊಂಬತ್ತರ ಹೆಂಗಸು, ಚೂಡಿದಾರದ ಮೇಲೆ ಅರಿಶಿನದ ಕೈಗುರುತು, ತಲೆಗೆ ಅವನು ಕೊಟ್ಟ ದೊಗಳೆ ಹೆಲ್ಮೆಟ್ಟು, ಮುಷ್ಟಿಯಲ್ಲಿ ಗಂಡನ ವಾಚು. ಅವನು ಲಾರಿಗಳ ಸಂದಿಯಲ್ಲಿ ನುಗ್ಗುವಾಗಲೂ ನಾನು ವಾಚನ್ನೇ ನೋಡುತ್ತಿದ್ದೆ. ಇಳಿಜಾರಿನಲ್ಲಿ 831 ಆಯಿತು! ನನಗೆ ಕುಣಿಯುವಂತಾಯಿತು.

ಬಾಗಿಲು ತೆರೆದವಳು ಹುಡುಗಿಯೇ. ತಾಯಿ ಇನ್ನೂ ಬ್ಯಾಂಕಿನಿಂದ ಬಂದಿರಲಿಲ್ಲ. ನಿಂತ ನಿಲುವಿನಲ್ಲೇ ಎಲ್ಲ ಹೇಳಿದೆ, ಬೇಳೆಯಿಂದ ವಾಚಿನವರೆಗೆ, ಉಸಿರು ಬಿಡದೆ. ಕಾಗದ ತೋರಿಸಿದೆ. “ನೋಡು, ಎಪ್ಪತ್ತನಾಲ್ಕು! ನಿಂದೇ ಸರಿ ಕಣೇ! ಇಡೀ ಕ್ಲಾಸಲ್ಲಿ ನಿಂದೊಂದೇ ಸರಿ!”

ಅವಳು ಕುಣಿಯಲಿಲ್ಲ. ಕಾಗದವನ್ನು ಎರಡು ಸಲ ಓದಿದಳು. ಆಮೇಲೆ ಮೆಲ್ಲಗೆ ಕೇಳಿದಳು. “ಆಂಟಿ, ಸೋಮವಾರ ನಿಮಗೆ ಅರವತ್ತು ಬೇಕಿತ್ತು, ರೀಡಿಂಗನ್ನು ಅದಕ್ಕೆ ಹೊಂದಿಸಿದಿರಿ. ಇವತ್ತು ಎಪ್ಪತ್ತನಾಲ್ಕು ಬೇಕು, ಲೆಕ್ಕವನ್ನು ಇದಕ್ಕೆ ಹೊಂದಿಸಿದ್ದೀರಿ. ಎರಡಕ್ಕೂ ಏನು ವ್ಯತ್ಯಾಸ?”

ಕೆನ್ನೆಗೆ ಹೊಡೆದ ಹಾಗಾಯಿತು. ಬೇರೆ ದಿನವಾಗಿದ್ದರೆ ರೇಗುತ್ತಿದ್ದೆ. ಆದರೆ ಪ್ರಶ್ನೆ ಎಷ್ಟು ಸರಿಯಾಗಿತ್ತೆಂದರೆ ನನಗೆ ಒಳಗೊಳಗೇ ಖುಷಿಯೇ ಆಯಿತು. ಇಪ್ಪತ್ತು ವರ್ಷ ಪಾಠ ಹೇಳಿದ್ದಕ್ಕೆ ಒಬ್ಬಳಾದರೂ ಇಂಥ ಪ್ರಶ್ನೆ ಕೇಳಿದಳಲ್ಲ! ಸೋಫಾದ ಮೇಲೆ ಕೂತು, “ವ್ಯತ್ಯಾಸ ತೋರಿಸೋದು ಹೇಗೆ? ನೀನೇ ಹೇಳು” ಅಂದೆ.

ಅವಳು ಉಗುರು ಕಚ್ಚಿದಳು. “ಉತ್ತರ ಗೊತ್ತಿಲ್ಲದ ಒಂದು ತುಂಡು ಬೇಕು. ಯಾರೋ ಬೇರೆಯವರು ಕತ್ತರಿಸಬೇಕು. ನಾವು ಮೊದಲು ಬರೆಯಬೇಕು, ಆಮೇಲೆ ಅಳೆಯಬೇಕು.”

“ನಿಮ್ಮ ಸರ್ ಕತ್ತರಿಸಲಿ. ನಾಳೆ.”

“ತಪ್ಪಾದರೆ?”

“ತಪ್ಪಾದ್ರೆ ನೀನು ಜಿಯಾಗ್ರಫಿ ತಗೋ, ನಾನು ಟ್ಯೂಷನ್ ನಿಲ್ಲಿಸ್ತೀನಿ” ಅಂದೆ. ಅಂದದ್ದು ತಮಾಷೆಗೆ. ಆದರೆ ಅವಳು ನಗಲಿಲ್ಲ, ನನಗೂ ನಗು ಬರಲಿಲ್ಲ.

ಶುಕ್ರವಾರ ಮೂರಕ್ಕೆ ತಾಯಿ, ಮಗಳು, ನಾನು ಶಾಲೆಯ ಲ್ಯಾಬಿಗೆ ಹೋದೆವು. ಮೇಷ್ಟ್ರು ಇಲ್ಲಿಯವರೇ, ಎತ್ತರದ ಹಿರಿಯರು, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟಿದ್ದರು. ನಾನೂ ಕೆಮಿಸ್ಟ್ರಿ ಹೇಳಿಕೊಡುವವಳು ಎಂದು ತಿಳಿದು, ಎದ್ದು ನಿಂತು, “ಕರಿಬು, ಮ್ವಾಲಿಮು” ಎಂದು ಸ್ವಾಗತಿಸಿದರು. ಮ್ವಾಲಿಮು ಅಂದರೆ ಮೇಷ್ಟ್ರು, ಗಂಡಾಗಲಿ ಹೆಣ್ಣಾಗಲಿ. ಸಿಟ್ಟಿನ ಮನುಷ್ಯರನ್ನು ಎದುರಿಸಲು ಸಜ್ಜಾಗಿ ಹೋಗಿದ್ದ ನನಗೆ ಅವರ ಸೌಜನ್ಯವೇ ಕಷ್ಟವಾಯಿತು.

ಅವರು ಫೈಲುಗಳ ರಾಶಿಯನ್ನು ಮೇಜಿನ ಮೇಲೆ ಹರಡಿದರು. “ನಾನು ಅನ್ಯಾಯ ಮಾಡುವವನಲ್ಲ, ನೀವೇ ನೋಡಿ. ಇಪ್ಪತ್ತೆರಡು ಮಕ್ಕಳು. ಇಪ್ಪತ್ತೊಂದು ಮಕ್ಕಳಿಗೆ ಅರವತ್ತರ ಆಸುಪಾಸು. ಇಗೋ, ಇದು 59.5, 60.5, 60. ಇನ್ನೊಂದು, 59.5, 60.5, 60. ಇಂಥವು ಆರು ಇವೆ, ಅಷ್ಟು ನಿಖರ. ಒಬ್ಬಳಿಗೆ ಮಾತ್ರ ಎಪ್ಪತ್ತನಾಲ್ಕು. ನನ್ನ ಜಾಗದಲ್ಲಿ ನೀವಿದ್ದರೆ ಏನು ತಿಳಿಯುತ್ತಿದ್ದಿರಿ?”

ಆರು ಫೈಲು. ನೋಡಬೇಕಾದ ಅಗತ್ಯವೇ ಇರಲಿಲ್ಲ, ಹೆಸರು ನೋಡದೆಯೇ ನನಗೆ ಆರೂ ಮಕ್ಕಳು ಗೊತ್ತಾದರು. ನನ್ನ ಊಟದ ಮೇಜಿನ ಮಕ್ಕಳು. ಒಂದು ಅರ್ಧ ಕಡಿಮೆ, ಒಂದು ಅರ್ಧ ಜಾಸ್ತಿ, ಒಂದು ಸರಿಯಾಗಿ. ಈ ಹುಡುಗಿಯನ್ನು ಸುಳ್ಳಿಯನ್ನಾಗಿ ಮಾಡಿದ್ದು ನನ್ನ ಪಾಠ. ಪಕ್ಕಕ್ಕೆ ತಿರುಗಿದೆ. ಅವಳಿಗೂ ಗೊತ್ತಾಗಿತ್ತು, ಸೋಮವಾರ ಇದೇ ಮೂರು ಸಂಖ್ಯೆಗಳನ್ನು ನನ್ನ ಬಾಯಿಂದ ಕೇಳಿದ್ದಳು. ಆದರೆ ಅವಳು ತುಟಿ ಬಿಗಿಹಿಡಿದು ನೆಲ ನೋಡುತ್ತಿದ್ದಳು. ಒಂದು ಮಾತು ಹೇಳಿದ್ದರೆ ಸಾಕಿತ್ತು, ಹೇಳಲಿಲ್ಲ.

ಹೇಳಿದರೆ ನನ್ನ ಟ್ಯೂಷನ್ನಿನ ಮರ್ಯಾದೆ ಮಣ್ಣುಪಾಲು. ಹೇಳದಿದ್ದರೆ ಇವಳ ಕೆಮಿಸ್ಟ್ರಿ ಮಣ್ಣುಪಾಲು. ಹೇಳಿದೆ. “ಸರ್, ಆ ಆರು ಮಕ್ಕಳಿಗೆ ಹಾಗೆ ಬರೆಯೋದನ್ನ ಕಲಿಸಿದ್ದು ನಾನು. ಉತ್ತರ ಮೊದಲು, ರೀಡಿಂಗ್ ಆಮೇಲೆ. ಇವಳಿಗೂ ಹಾಗೇ ಬರಿ ಅಂದೆ. ಇವಳು ಒಪ್ಪಲಿಲ್ಲ. ನಿಮ್ಮ ಕ್ಲಾಸಲ್ಲಿ ಪ್ರಯೋಗ ನಿಜವಾಗಿ ಮಾಡಿದವಳು ಬಹುಶಃ ಇವಳೊಬ್ಬಳೇ.”

“ಮೇಡಂ!” ಎಂದು ತಾಯಿ ನನ್ನ ತೋಳು ಹಿಡಿದರು. ಬೇಸರದಿಂದ ಹಿಡಿದರೋ ಸಮಾಧಾನಕ್ಕೋ, ತಿಳಿಯಲಿಲ್ಲ.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಆ ಆರು ಫೈಲುಗಳನ್ನು ಪಕ್ಕಕ್ಕೆ ಎತ್ತಿಟ್ಟರು. ಆಮೇಲೆ ಹುಡುಗಿಯ ಕಡೆ ತಿರುಗಿ, “ನೀನು ಹೇಳು” ಅಂದರು.

ಅವಳು ಹೇಳಿದಳು. ಎತ್ತರ, ಒತ್ತಡ, 830, ಎಲ್ಲ. ನಾನು ಹೇಳಿದ್ದಕ್ಕಿಂತ ಚೆನ್ನಾಗಿ ಹೇಳಿದಳು, ಬೇಳೆಯನ್ನು ಮಾತ್ರ ಬಿಟ್ಟಳು. ಕೊನೆಗೆ, “ಸರ್, ನೀವೇ ಒಂದು ತುಂಡು ಕತ್ತರಿಸಿ. ನಾನು ಮೊದಲು ಬೋರ್ಡಿನ ಮೇಲೆ ಬರೆಯುತ್ತೇನೆ” ಅಂದಳು.

ಮೇಷ್ಟ್ರು ಕಪಾಟಿನಿಂದ ಮೆಗ್ನೀಷಿಯಂ ಸುರುಳಿ ತೆಗೆದರು. ಒಂದು ತುಂಡು ಕತ್ತರಿಸಿ, ಮರಳು ಕಾಗದದಿಂದ ಉಜ್ಜಿ, ತಕ್ಕಡಿಯ ಮೇಲಿಟ್ಟರು. ಐವತ್ತೆರಡು ಮಿಲಿಗ್ರಾಂ. ಪುಸ್ತಕದ ಪ್ರಕಾರ ಐವತ್ತೆರಡು ಸಿಸಿ. ಹುಡುಗಿ ನನ್ನ ಕೈಯಿಂದ ವಾಚ್ ತೆಗೆದುಕೊಂಡಳು, ಗೋಡೆಯ ಥರ್ಮಾಮೀಟರ್ ನೋಡಿದಳು, ಬೋರ್ಡಿನ ಮೂಲೆಯಲ್ಲಿ ಲೆಕ್ಕ ಹಾಕಿದಳು. ನಾನೂ ಮನಸ್ಸಿನಲ್ಲೇ ಹಾಕಿದೆ, ಬಾಯಿ ಬಿಡಲಿಲ್ಲ. ನನ್ನ ಜನ್ಮದಲ್ಲಿ ಲೆಕ್ಕದ ಎದುರು ಬಾಯಿ ಮುಚ್ಚಿಕೊಂಡು ಕೂತದ್ದು ಅದೇ ಮೊದಲು. ಅವಳು ದೊಡ್ಡದಾಗಿ 64 ಎಂದು ಬರೆದು ಅದರ ಸುತ್ತ ಗೆರೆ ಎಳೆದಳು.

ಮೇಷ್ಟ್ರು ಫ್ಲಾಸ್ಕಿಗೆ ಆಸಿಡ್ ಸುರಿದರು. ಪಟ್ಟಿಯನ್ನು ಹಾಕಿ ಬಿರಡೆ ಬಿಗಿದರು. ಬುಸ್ಸೆಂದು ನೊರೆಯೆದ್ದಿತು. ಗಾಜಿನ ಸಿರಿಂಜಿನ ಒಳದಂಡ ತಾನಾಗಿ ಹೊರಗೆ ಜಾರತೊಡಗಿತು. ನಾಲ್ವರೂ ಅದರ ಮೇಲೆ ಬಗ್ಗಿದೆವು. ಇಪ್ಪತ್ತು. ಮೂವತ್ತೈದು. ನಲವತ್ತೆಂಟು. ಐವತ್ತೆರಡರ ಗೆರೆಯ ಹತ್ತಿರ ಬಂದಾಗ ನೊರೆ ಇಳಿಯತೊಡಗಿತ್ತು. ಈಗ ನಿಂತರೆ ಮುಗಿಯಿತು. ತಾಯಿ ಕಣ್ಣುಮುಚ್ಚಿ ಏನೋ ಗುನುಗುತ್ತಿದ್ದರು. ಐವತ್ತೆರಡು. ನಿಲ್ಲಲಿಲ್ಲ! ಐವತ್ತಮೂರು, ಐವತ್ತೈದು. “ಹೋಗು, ಹೋಗು!” ಎಂದು ನಾನು ಕನ್ನಡದಲ್ಲೇ ಕೂಗಿದೆ. ಐವತ್ತೆಂಟು. ಮೇಷ್ಟ್ರು ಕೂಡ ಮೇಜು ತಟ್ಟತೊಡಗಿದರು. ಅರವತ್ತು. ಅರವತ್ತೊಂದು. ಅರವತ್ತೆರಡರಲ್ಲಿ ತಡೆದ ಹಾಗಾಯಿತು, ಮೇಷ್ಟ್ರು ಬೆರಳಿನಿಂದ ಸಿರಿಂಜನ್ನು ಮೆಲ್ಲಗೆ ತಿರುಗಿಸಿದರು, ಇನ್ನೊಂದು ಗೆರೆ ಜಾರಿತು. ಅರವತ್ತಮೂರಕ್ಕೆ ನಿಂತಿತು.

ನಾನೂ ತಾಯಿಯೂ ತಬ್ಬಿಕೊಂಡು ಕುಣಿದೆವು. ಲ್ಯಾಬಿನ ಹೊರಗೆ ಹೋಗುತ್ತಿದ್ದ ಮಕ್ಕಳು ಕಿಟಕಿಯಲ್ಲಿ ಇಣುಕಿದರು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, “ಈ ಕೋಣೆಯಲ್ಲಿ ಎಷ್ಟು ವರ್ಷದಿಂದ ಅರವತ್ತಕ್ಕೆ ಸರಿ ಗುರುತು ಹಾಕುತ್ತಾ ಬಂದೆನೋ” ಎಂದರು. ಹುಡುಗಿಯ ಫೈಲ್ ತೆರೆದು, ತಾವೇ ಬರೆದ ಕೆಂಪು ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸಹಿ ಮಾಡಿದರು. ಅರ್ಜಿಗೂ ಸಹಿ ಮಾಡಿದರು. ಸೋಮವಾರ ಇಡೀ ಕ್ಲಾಸು ಮತ್ತೆ ಪ್ರಯೋಗ ಮಾಡಬೇಕು, ಆ ದಿನ ಮ್ವಾಲಿಮು ಕೂಡ ಬಂದು, ಈಗ ಹೇಳಿದ್ದನ್ನೇ ಮಕ್ಕಳೆದುರು ಹೇಳಬೇಕು ಎಂದರು. ತಲೆಯಾಡಿಸಿದೆ. ಆ ಆರು ಮಕ್ಕಳ ತಂದೆತಾಯಿಯರ ಫೋನುಗಳು ಬಂದೇ ಬರುತ್ತವೆ ಎಂದು ಗೊತ್ತಿತ್ತು, ಆದರೂ ಆ ಹೊತ್ತಿನ ಸಂತೋಷ ಅದಕ್ಕೆಲ್ಲ ಕೇರ್ ಮಾಡುವಂಥದ್ದಾಗಿರಲಿಲ್ಲ.

ತಾಯಿ ಅರ್ಜಿಯನ್ನು ಎದೆಗೊತ್ತಿಕೊಂಡು, “ಬಾರೇ, ಸರ್‌ಗೆ ಥ್ಯಾಂಕ್ಸ್ ಹೇಳು, ಹೋಗೋಣ” ಎಂದು ಕರೆದರು. ಹುಡುಗಿ ಅರ್ಜಿಯ ಕಡೆ ನೋಡಲೇ ಇಲ್ಲ. ಸಿರಿಂಜಿನ ಮೇಲೆ ಬಗ್ಗಿಕೊಂಡೇ ಇದ್ದಳು. ಬೋರ್ಡಿನ 64ನ್ನು ನೋಡಿದಳು, ಮತ್ತೆ ಸಿರಿಂಜನ್ನು ನೋಡಿದಳು.

“ಆಂಟಿ, ಒಂದು ಸಿಸಿ ಎಲ್ಲಿ ಹೋಯಿತು?”

ಪ್ರಯೋಗದಲ್ಲಿ ಅಷ್ಟು ಹೆಚ್ಚುಕಡಿಮೆ ಇದ್ದದ್ದೇ, ಬಿಡು ಪುಟ್ಟಾ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

“ನಂಗೊತ್ತಿಲ್ಲ ಕಣೇ” ಅಂದೆ.

ಅವಳು ಮುಖವೆತ್ತಿ ನನ್ನನ್ನು ನೋಡಿದಳು. ಆ ವಾರದಲ್ಲಿ ಮೊದಲ ಸಲ ನಕ್ಕಳು. ಮೇಷ್ಟ್ರು ಸುರುಳಿಯನ್ನು ಅವಳ ಕಡೆ ಸರಿಸಿದರು. ತಾಯಿ ಚೀಲವನ್ನು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತರು. ನಾನು ಚೂಡಿದಾರದ ತೋಳು ಮಡಚಿಕೊಂಡು ಕತ್ತರಿ ಎತ್ತಿ ಕೊಟ್ಟೆ.